ರದ್ದಾದ ಪರೀಕ್ಷೆಗಳ ಒಂದು ಚರಿತ್ರೆ

ಪರೀಕ್ಷೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ನಡೆದ ಪರೀಕ್ಷೆಗಳ ಬಗ್ಗೆಯೇ ಬರೆಯುತ್ತಾರೆ. ಎಷ್ಟು ಮಂದಿ ಕುಳಿತರು, ಎಷ್ಟು ಮಂದಿ ತೇರ್ಗಡೆಯಾದರು, ಯಾವ ಜಿಲ್ಲೆ ಮೇಲೆ, ಯಾವುದು ಕೆಳಗೆ ಎಂಬ ಲೆಕ್ಕಾಚಾರ ಪ್ರತಿ ಮೇ ತಿಂಗಳಲ್ಲೂ ಪತ್ರಿಕೆಗಳ ತುಂಬ ಇರುತ್ತದೆ. ನಡೆಯದೆ ಹೋದ ಪರೀಕ್ಷೆಗೆ ಅಂಕಪಟ್ಟಿ ಇಲ್ಲ, ರ್‍ಯಾಂಕ್ ಪಡೆದವರ ಭಾವಚಿತ್ರ ಇಲ್ಲ, ಹೀಗಾಗಿ ಅದಕ್ಕೆ ಚರಿತ್ರೆಯೂ ಇಲ್ಲ. ಆದರೆ ನಮ್ಮ ರಾಜ್ಯದಲ್ಲಿ ಕಾಲೇಜಿನ ಬಾಗಿಲು ತಟ್ಟಿದ ಮಕ್ಕಳ ಬದುಕನ್ನು ನಡೆದ ಪರೀಕ್ಷೆಗಳಷ್ಟೇ ರದ್ದಾದ ಪರೀಕ್ಷೆಗಳೂ ತಿದ್ದಿವೆ, ತಿರುಚಿವೆ. ಆ ಮಕ್ಕಳಲ್ಲಿ ನಮ್ಮ ಮೊಹಲ್ಲಾಗಳಿಂದ ಹೋದವರೂ ಇದ್ದಾರೆ. ಅವರ ಲೆಕ್ಕವನ್ನು ಯಾರಾದರೂ ಬರೆದಿಡಬೇಕಲ್ಲವೇ?

ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕೂತು ಬಂದ ನಮ್ಮಂಥವರಿಗೆ ಈ ವಿಷಯದಲ್ಲಿ ಒಂದು ತಮಾಷೆ ಕಾಣುತ್ತದೆ. ಕಾಲೇಜು ಸೇರುವ ದಾರಿಯಲ್ಲಿ ಎದುರಾಗುವ ಕನ್ನಡ ಪದಗಳಲ್ಲಿ ಅರ್ಧದಷ್ಟು ಅರಬಿ, ಫಾರಸಿಯಿಂದ ಬಂದವು. ಅರ್ಜಿ ಹಾಕಬೇಕು, ದಾಖಲೆ ತೋರಿಸಬೇಕು, ಪ್ರಶ್ನೆಪತ್ರಿಕೆ ಖಜಾನೆಯಲ್ಲಿರುತ್ತದೆ, ಆದೇಶ ಜಾರಿಯಾಗುತ್ತದೆ, ಪರೀಕ್ಷೆ ರದ್ದಾಗುತ್ತದೆ. ಪರೀಕ್ಷೆ ಇಲ್ಲದ ಕಡೆ ನಡೆಯುವುದಕ್ಕೂ ಎರಡು ಪದಗಳು ಅಲ್ಲಿಂದಲೇ ಬಂದಿವೆ. ಒಂದು ಶಿಫಾರಸು, ಇನ್ನೊಂದು ವಶೀಲಿ. ಪರೀಕ್ಷೆಗೆ ಉರ್ದುವಿನಲ್ಲಿ ಇಮ್ತಿಹಾನ್ ಎನ್ನುತ್ತಾರೆ. ದೇವರು ಮನುಷ್ಯನನ್ನು ಕಷ್ಟಕ್ಕೆ ಒಡ್ಡಿ ನೋಡುವುದಕ್ಕೂ ಅದೇ ಮಾತು. ಆ ಇಮ್ತಿಹಾನ್ ರದ್ದಾದಾಗಲೆಲ್ಲ ಆ ಜಾಗಕ್ಕೆ ಬಂದು ಕೂತದ್ದು ಏನು ಎಂದು ನೋಡುವುದೇ ಈ ಬರಹದ ಉದ್ದೇಶ.

ನಮ್ಮ ಹಿಂದಿನ ತಲೆಮಾರಿನವರು ಇಂಜಿನಿಯರಿಂಗ್, ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವಾಗ ರಾಜ್ಯಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ ಎಂಬುದಿರಲಿಲ್ಲ. ಹಿಂದಿನ ತರಗತಿಯ ಅಂಕ ನೋಡುತ್ತಿದ್ದರು, ಅದರ ಜೊತೆಗೆ ಸಂದರ್ಶನ ಮಾಡುತ್ತಿದ್ದರು. 1960ರ ದಶಕದ ಆರಂಭದಲ್ಲಿ ಮೈಸೂರು ಸರಕಾರ ಐಚ್ಛಿಕ ವಿಷಯಗಳ ಒಟ್ಟು ಅಂಕಗಳ ಶೇ. 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಪಠ್ಯೇತರ ಚಟುವಟಿಕೆ ಎಂಬ ಬಾಬ್ತುಗಳಲ್ಲಿ ಅಂಕ ಕೊಡುವ ಏರ್ಪಾಡು. ಇದನ್ನು ಪ್ರಶ್ನಿಸಿ ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದರು. 1964ರಲ್ಲಿ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಂದರ್ಶನ ಪದ್ಧತಿಯನ್ನು ಎತ್ತಿ ಹಿಡಿಯಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯಿದ್ದಿರಬಹುದು. ಆದರೆ ವ್ಯಕ್ತಿತ್ವ ಎಂಬ ಬಾಬ್ತಿನಲ್ಲಿ ಯಾವ ಹುಡುಗನಿಗೆ ಹೆಚ್ಚು ಅಂಕ ಬೀಳುತ್ತಿತ್ತು ಎಂದು ಊಹಿಸಲು ಕಾನೂನು ಓದಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಗುಡ್ ಮಾರ್ನಿಂಗ್ ಹೇಳಿ ನೆಟ್ಟಗೆ ಕೂರಲು ಕಲಿತಿದ್ದವನಿಗೆ ಬೀಳುತ್ತಿತ್ತು. ಬೀಡಿ ಕಟ್ಟುವವರ, ಗಾಡಿ ಹೊಡೆಯುವವರ ಮನೆಯಿಂದ ಬಂದವನು ಎಷ್ಟೇ ಚೆನ್ನಾಗಿ ಓದಿದ್ದರೂ ಆ ಮೇಜಿನ ಮುಂದೆ ಅರ್ಧ ಸೋತಿರುತ್ತಿದ್ದ.

ಇದು ನಮ್ಮ ಊಹೆ ಮಾತ್ರವಲ್ಲ. ಶ್ರೀನಗರದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನಲ್ಲಿ ಲಿಖಿತ ಪರೀಕ್ಷೆಗೆ 100, ಸಂದರ್ಶನಕ್ಕೆ 50 ಅಂಕ ಇಟ್ಟಿದ್ದರು. ಒಬ್ಬೊಬ್ಬರನ್ನು ಎರಡು ಮೂರು ನಿಮಿಷ ಮಾತ್ರ ಮಾತನಾಡಿಸಿದರು, ತಂದೆ ಯಾರು, ಮನೆ ಎಲ್ಲಿ ಎಂದಷ್ಟೇ ಕೇಳಿ ಕಳಿಸಿದರು ಎಂಬುದು ಸೀಟು ಸಿಗದವರ ದೂರು. 1980ರಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟು, ಮೂರನೇ ಒಂದು ಭಾಗ ಅಂಕವನ್ನು ಇಂಥ ಸಂದರ್ಶನಕ್ಕೆ ಇಡುವುದು ಸ್ವೇಚ್ಛಾಚಾರ, ಶೇ. 15ನ್ನು ಮೀರಬಾರದು ಎಂದಿತು. ತಂದೆ ಯಾರು, ಮನೆ ಎಲ್ಲಿ ಎಂಬ ಆ ಎರಡು ಪ್ರಶ್ನೆಗಳನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದಿನ ಕಥೆಯಲ್ಲಿ ಅವು ಬೇರೆ ಬೇರೆ ವೇಷದಲ್ಲಿ ಮತ್ತೆ ಬರುತ್ತವೆ.

ಒಮ್ಮೆ ಅವು ದುಡ್ಡಿನ ವೇಷದಲ್ಲಿ ಬಂದವು. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ಕರ್ನಾಟಕದಲ್ಲಿ ಬೆಳೆದಷ್ಟು ಬೇಗ ಬೇರೆಡೆ ಬೆಳೆಯಲಿಲ್ಲ. ಕ್ಯಾಪಿಟೇಶನ್ ಎಂಬ ಪದ ಹಳ್ಳಿಯವರ ಬಾಯಲ್ಲೂ ಓಡಾಡತೊಡಗಿತು. 1984ರಲ್ಲಿ ಮೂರು ಸಂಗತಿಗಳು ಒಟ್ಟಿಗೆ ನಡೆದವು. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆ ಬಂತು. ಸಾಮಾನ್ಯ ಪ್ರವೇಶ ಪರೀಕ್ಷೆ, ನಾವೆಲ್ಲ ಸಿಇಟಿ ಎಂದು ಕರೆಯುವುದು, ಶುರುವಾಯಿತು. ಅದೇ ವರ್ಷ ಬಿಜಾಪುರದಲ್ಲಿ ಅಲ್ ಅಮೀನ್ ವೈದ್ಯಕೀಯ ಕಾಲೇಜು ಆರಂಭವಾಯಿತು. ಮುಸ್ಲಿಮರದೇ ಒಂದು ವೈದ್ಯಕೀಯ ಕಾಲೇಜು ಎಂಬುದು ಆ ದಿನಗಳಲ್ಲಿ ಸಣ್ಣ ಮಾತಾಗಿರಲಿಲ್ಲ.

ಕಾಯಿದೆ ಬಂದರೂ ದುಡ್ಡಿನ ದಾರಿ ಮುಚ್ಚಲಿಲ್ಲ. 1989ರ ಸರಕಾರಿ ಅಧಿಸೂಚನೆಯ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಮೀರತ್‌ನ ಒಬ್ಬ ವಿದ್ಯಾರ್ಥಿನಿ ಆ 60,000 ಕೊಡಲಾಗದೆ ಸುಪ್ರೀಂ ಕೋರ್ಟಿಗೆ ಹೋದದ್ದರಿಂದ 1992ರಲ್ಲಿ ಮೋಹಿನಿ ಜೈನ್ ತೀರ್ಪು ಬಂತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಖಾಸಗಿ ಕಾಲೇಜುಗಳ ಅರ್ಧ ಸೀಟುಗಳನ್ನು ಉಚಿತ ಸೀಟು ಎಂದು ಪ್ರತಿಭೆಗೆ ಬಿಟ್ಟಿತು. 1994ರಲ್ಲಿ ಸಿಇಟಿ ಸೆಲ್ ರೂಪುಗೊಂಡಿತು. ಅದೇ ಕಾಲಕ್ಕೆ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಮುಸ್ಲಿಮರಿಗೆ 2ಬಿ ಪ್ರವರ್ಗದಡಿ ಶೇ. 4ರ ಮೀಸಲಾತಿ ಬಂತು. ನಮ್ಮ ವಯಸ್ಸಿನವರು ಕಾಲೇಜು ಮೆಟ್ಟಿಲು ಹತ್ತಿದ್ದು ಈ ಎರಡರ ನಡುವೆ.

ಆ ದಿನಗಳ ಕೌನ್ಸೆಲಿಂಗನ್ನು ಕಂಡವರು ಮರೆಯಲಾರರು. ರಾತ್ರಿ ಬಸ್ಸಿನಲ್ಲಿ ಬೀದರ್, ಗುಲ್ಬರ್ಗ, ಭಟ್ಕಳ, ಚಾಮರಾಜನಗರಗಳಿಂದ ಬಂದ ತಂದೆ ಮಕ್ಕಳು, ಬಗಲಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಜಾತಿ ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ಡಿಡಿ. ರ್‍ಯಾಂಕಿನ ಪ್ರಕಾರ ಹೆಸರು ಕೂಗುತ್ತಾರೆ; ಪರದೆಯ ಮೇಲೆ ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಉಳಿದಿದೆ ಎಂದು ಕಾಣುತ್ತದೆ. ತಂದೆ ಯಾರು ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಡಾಕ್ಟರರ ಮಗನ ಪಕ್ಕದಲ್ಲಿ ಮೆಕ್ಯಾನಿಕ್‌ನ ಮಗಳು ಕೂತು ಅದೇ ಪರದೆ ನೋಡುತ್ತಿದ್ದಳು. ಸಿಇಟಿಯಲ್ಲಿ ದೋಷಗಳಿರಲಿಲ್ಲವೆಂದಲ್ಲ. ಟ್ಯೂಷನ್ನಿಗೆ ದುಡ್ಡಿದ್ದವರ ಮಕ್ಕಳೇ ಮುಂದಿರುತ್ತಿದ್ದರು, ಬೆಂಗಳೂರು ಮಂಗಳೂರಿನವರಿಗೆ ಸಿಕ್ಕ ಪಾಠ ಯಾದಗಿರಿಯವರಿಗೆ ಸಿಗುತ್ತಿರಲಿಲ್ಲ. ಆದರೂ ವಶೀಲಿ ಇಲ್ಲದ ಮನೆಯವರಿಗೆ ಅದೊಂದು ಬಾಗಿಲು. ಮುಂದೆ 2002ರ ಟಿ.ಎಂ.ಎ. ಪೈ ತೀರ್ಪಿನ ಬಳಿಕ ಸರಕಾರ ಮತ್ತು ಖಾಸಗಿ ಕಾಲೇಜುಗಳ ನಡುವೆ ಸೀಟು ಹಂಚಿಕೆಯ ಜಗ್ಗಾಟ ಶುರುವಾಗಿ, ಖಾಸಗಿಯವರು 2004ರಲ್ಲಿ ಕಾಮೆಡ್‌ಕೆ ಎಂಬ ತಮ್ಮದೇ ಒಕ್ಕೂಟ ಮಾಡಿಕೊಂಡರು. ಆ ಕಥೆ ಉದ್ದವಿದೆ, ಇಲ್ಲಿ ಬೇಡ.

ರದ್ದಿನ ಕಥೆ ನಿಜವಾಗಿ ಆರಂಭವಾಗುವುದು ನೀಟ್‌ನಿಂದ. ದೇಶಕ್ಕೆಲ್ಲ ಒಂದೇ ವೈದ್ಯಕೀಯ ಪ್ರವೇಶ ಪರೀಕ್ಷೆ ಎಂದು ಭಾರತೀಯ ವೈದ್ಯಕೀಯ ಮಂಡಳಿ 2010ರ ಡಿಸೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. 2012ರಲ್ಲಿ ನಡೆಯಬೇಕಿದ್ದ ಪರೀಕ್ಷೆ ಮುಂದಕ್ಕೆ ಹೋಯಿತು. 2013ರ ಮೇ 5ರಂದು ಕೊನೆಗೂ ನಡೆಯಿತು. ಆರು ಪ್ರಾದೇಶಿಕ ಭಾಷೆಗಳಲ್ಲಿ ಪ್ರಶ್ನೆಪತ್ರಿಕೆ ಇತ್ತು, ಕನ್ನಡ ಅವುಗಳಲ್ಲಿರಲಿಲ್ಲ. ಎರಡೂವರೆ ತಿಂಗಳಲ್ಲಿ, ಜುಲೈ 18ರಂದು, ಸುಪ್ರೀಂ ಕೋರ್ಟು ಇಬ್ಬರು ಒಬ್ಬರ ಬಹುಮತದಿಂದ ಇಡೀ ನೀಟನ್ನೇ ರದ್ದುಪಡಿಸಿತು. ಅಂದು ಮುಖ್ಯ ನ್ಯಾಯಮೂರ್ತಿ ಅಲ್ತಮಸ್ ಕಬೀರ್ ಅವರು ನಿವೃತ್ತರಾಗುವ ದಿನ. ಭಿನ್ನಮತ ಬರೆದವರು ನ್ಯಾಯಮೂರ್ತಿ ಅನಿಲ್ ದವೆ. ಈ ಹೆಸರು ಮತ್ತೊಮ್ಮೆ ಬರಲಿದೆ.

ಆ ತೀರ್ಪಿನ ಒಂದು ಆಧಾರ ಸಂವಿಧಾನದ 30ನೇ ವಿಧಿ, ಅಂದರೆ ಅಲ್ಪಸಂಖ್ಯಾತರು ತಮ್ಮ ವಿದ್ಯಾಸಂಸ್ಥೆಗಳನ್ನು ತಾವೇ ನಡೆಸುವ ಹಕ್ಕು. ನಮ್ಮ ಸಮುದಾಯದಲ್ಲೂ ಅನೇಕರು ಸಂತೋಷಪಟ್ಟರು. ಆ ಹಕ್ಕು ಅಮೂಲ್ಯವಾದದ್ದು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಒಂದು ಕಹಿಯನ್ನೂ ಹೇಳಬೇಕಾಗಿದೆ. ನ್ಯಾಯಾಲಯದಲ್ಲಿ ಆಡಳಿತ ಮಂಡಳಿಗಳ ಪರ ದೊಡ್ಡ ದೊಡ್ಡ ವಕೀಲರಿದ್ದರು. ಪರೀಕ್ಷೆ ಬರೆದು ಫಲಿತಾಂಶ ಹಿಡಿದು ನಿಂತಿದ್ದ ಬಡ ಮುಸ್ಲಿಮ್ ಹುಡುಗಿಯ ಪರ ಯಾರಿದ್ದರು? ಅಲ್ಪಸಂಖ್ಯಾತರ ಹಕ್ಕು ಎಂದಾಗ ಅದು ಅಲ್ಪಸಂಖ್ಯಾತ ಸಂಸ್ಥೆಯ ಹಕ್ಕೋ, ಅಲ್ಪಸಂಖ್ಯಾತ ಮಗುವಿನ ಹಕ್ಕೋ ಎಂದು ನಾವು ನಮ್ಮೊಳಗೇ ಕೇಳಿಕೊಳ್ಳದಿದ್ದರೆ ಬೇರೆಯವರು ಕೇಳುತ್ತಾರೆ. ಕೇಳಿದ್ದಾರೆ ಕೂಡ.

ನೀಟ್ ಹೋಯಿತು, ಹಳೆಯ ಅಖಿಲ ಭಾರತ ಪರೀಕ್ಷೆ ಎಐಪಿಎಂಟಿ ಮರಳಿತು. 2015ರ ಮೇ 3ರಂದು ಆರು ಲಕ್ಷಕ್ಕೂ ಹೆಚ್ಚು ಮಂದಿ ಅದನ್ನು ಬರೆದರು. ಬನಿಯನ್ನಿನೊಳಗೆ ಸಿಮ್ ಹೊಲಿಸಿಕೊಂಡು, ಕಿವಿಯೊಳಗೆ ಕಾಣದಂಥ ಯಂತ್ರ ಇಟ್ಟುಕೊಂಡು ಉತ್ತರ ಕೇಳಿಸಿಕೊಂಡವರ ಜಾಲವನ್ನು ಹರಿಯಾಣದ ರೋಹ್ಟಕ್ ಪೊಲೀಸರು ಪತ್ತೆಹಚ್ಚಿದರು. ಗುರುತು ಸಿಕ್ಕ ಫಲಾನುಭವಿಗಳು 44 ಮಂದಿ. ಜೂನ್ 15ರಂದು ಸುಪ್ರೀಂ ಕೋರ್ಟು ಪರೀಕ್ಷೆಯನ್ನೇ ರದ್ದುಗೊಳಿಸಿ ಮತ್ತೆ ನಡೆಸಲು ಹೇಳಿತು. ಕಳ್ಳ ಎಷ್ಟು ಜನರ ನಡುವೆ ಅಡಗಿದ್ದಾನೆ ಎಂದು ಗೊತ್ತಿಲ್ಲದಾಗ ಇಡೀ ಬೀದಿಯನ್ನು ಖಾಲಿ ಮಾಡಿಸುವ ಹಾಗೆ. ನ್ಯಾಯಾಲಯಕ್ಕೆ ಬೇರೆ ದಾರಿಯಿತ್ತು ಎಂದು ನಾವು ಹೇಳಲಾರೆವು.

ಆದರೆ ಮರುಪರೀಕ್ಷೆಯ ಹೊರೆ ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳಲಿಲ್ಲ. ನಕಲು ತಡೆಯಲು ಸಿಬಿಎಸ್‌ಇ ಉಡುಪಿನ ನಿಯಮ ತಂದಿತು. ಅರ್ಧ ತೋಳಿನ ಅಂಗಿ, ತೆರೆದ ಚಪ್ಪಲಿ, ತಲೆಗೆ ಬಟ್ಟೆ ಇಲ್ಲ. ಕೇರಳ ಹೈಕೋರ್ಟು ಇಬ್ಬರು ಮುಸ್ಲಿಮ್ ವಿದ್ಯಾರ್ಥಿನಿಯರಿಗೆ, ಅರ್ಧ ಗಂಟೆ ಮೊದಲು ಬಂದು ಮಹಿಳಾ ಸಿಬ್ಬಂದಿಯಿಂದ ತಪಾಸಣೆಗೆ ಒಳಗಾದರೆ ಸಾಕು ಎಂದು ದಾರಿ ಮಾಡಿಕೊಟ್ಟಿತು. ಅದೇ ಅನುಕೂಲವನ್ನು ದೇಶದ ಎಲ್ಲರಿಗೂ ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟು ಜುಲೈ 24ರಂದು, ಪರೀಕ್ಷೆಯ ಹಿಂದಿನ ದಿನ, ಒಪ್ಪಲಿಲ್ಲ. ಒಂದು ದಿನ ತಲೆಬಟ್ಟೆ ಇಲ್ಲದೆ ಬರೆದರೆ ನಂಬಿಕೆ ಎಲ್ಲಿಯೂ ಹೋಗುವುದಿಲ್ಲ ಎಂಬ ಅರ್ಥದ ಮಾತೂ ಅಲ್ಲಿ ಬಂತು. ಮರುದಿನ ತಿರುವನಂತಪುರದ ಕೇಂದ್ರವೊಂದರಲ್ಲಿ ಶಿರವಸ್ತ್ರ ತೆಗೆಯಲೊಪ್ಪದ ಕ್ರೈಸ್ತ ಸನ್ಯಾಸಿನಿಯೊಬ್ಬರು ಪರೀಕ್ಷೆ ಬರೆಯದೆ ಹಿಂದಿರುಗಬೇಕಾಯಿತು. ನಂತರದ ವರ್ಷಗಳಲ್ಲಿ, ಧಾರ್ಮಿಕ ಉಡುಪಿನವರು ತಪಾಸಣೆಗಾಗಿ ಮುಂಚಿತವಾಗಿ ಬರಲಿ ಎಂಬ ನಿಯಮವೇ ಬಂತು. ಅಂದರೆ ಕೇರಳ ಹೈಕೋರ್ಟು ಹೇಳಿದ್ದೇ ಕೊನೆಗೆ ಆದದ್ದು. ಮೇ 3ರಂದು ತಲೆಬಟ್ಟೆಯೊಂದಿಗೆ ಬರೆದು ಮನೆಗೆ ಹೋಗಿದ್ದ ಹುಡುಗಿ ಮಾತ್ರ, ಯಾರೋ 44 ಮಂದಿಯ ಕಳ್ಳತನಕ್ಕಾಗಿ ಜುಲೈಯಲ್ಲಿ ಮತ್ತೆ ಬಂದು ಗೇಟಿನ ಬಳಿ ನಿಂತು ಯೋಚಿಸಬೇಕಾಯಿತು.

ಇನ್ನು 2016. ಆ ಬೇಸಿಗೆಯನ್ನು ದಿನಾಂಕದ ಪ್ರಕಾರವೇ ಹೇಳಬೇಕು, ಇಲ್ಲವಾದರೆ ಯಾರೂ ನಂಬಲಾರರು.

ಮಾರ್ಚ್ 21, ಸೋಮವಾರ. ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಪರೀಕ್ಷೆ. ಸುಮಾರು 1.7 ಲಕ್ಷ ವಿಜ್ಞಾನ ವಿದ್ಯಾರ್ಥಿಗಳು ಬರೆದರು. ಪ್ರಶ್ನೆಗಳು ಮೊದಲೇ ವಾಟ್ಸಾಪಿನಲ್ಲಿ ಓಡಾಡಿದ್ದವು ಎಂದು ತಿಳಿದು ಪರೀಕ್ಷೆ ರದ್ದಾಯಿತು, ಮಾರ್ಚ್ 31ಕ್ಕೆ ಮರುಪರೀಕ್ಷೆ ಎಂದರು. ಮಾರ್ಚ್ 31, ಗುರುವಾರ. ಪರೀಕ್ಷೆಗೆ ಕೆಲವೇ ಗಂಟೆಗಳಿರುವಾಗ ಮರುಪರೀಕ್ಷೆಯ ಪತ್ರಿಕೆಯೂ ಸೋರಿದೆ ಎಂದು ಗೊತ್ತಾಗಿ ಅದೂ ರದ್ದಾಯಿತು. ಮಕ್ಕಳು ಟಿವಿಯಲ್ಲಿ ಸುದ್ದಿ ನೋಡಿ ಬೀದಿಗೆ ಬಂದರು. ಬೆಂಗಳೂರಿನ ಮಲ್ಲೇಶ್ವರದ ಹದಿನೆಂಟನೇ ಕ್ರಾಸಿನಲ್ಲಿರುವ ಪಿಯು ಇಲಾಖೆಯ ಮುಂದೆ ಸಮವಸ್ತ್ರದಲ್ಲೇ ಕೂತು ಅತ್ತರು, ಕೂಗಿದರು. ಇಲಾಖೆಯ 40 ಮಂದಿ ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು. ಮೂರನೆಯ ಸಲದ ದಿನಾಂಕ ಏಪ್ರಿಲ್ 12 ಎಂದು ನಿಗದಿಯಾಯಿತು. ಈ ನಡುವೆ ಉಪನ್ಯಾಸಕರು ವೇತನದ ಬೇಡಿಕೆಯಿಟ್ಟು ಮೌಲ್ಯಮಾಪನ ಬಹಿಷ್ಕರಿಸಿದರು. ಅವರ ಬೇಡಿಕೆ ನ್ಯಾಯವಾದದ್ದೇ ಇರಬಹುದು. ಉತ್ತರಪತ್ರಿಕೆಗಳು ಮಾತ್ರ ಕಟ್ಟಿನಲ್ಲೇ ಉಳಿದವು.

ಏಪ್ರಿಲ್ 11, ಸೋಮವಾರ. ಮಕ್ಕಳು ನಾಳೆಯ ರಸಾಯನಶಾಸ್ತ್ರಕ್ಕೆ ಮೂರನೇ ಬಾರಿ ಅದೇ ಪುಸ್ತಕ ತೆರೆದು ಕೂತಿದ್ದಾರೆ. ದಿಲ್ಲಿಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ 2013ರ ನೀಟ್ ತೀರ್ಪನ್ನು ಹಿಂತೆಗೆದುಕೊಂಡಿತು. ಪೀಠದ ಮುಖ್ಯಸ್ಥರು ಅಂದು ಭಿನ್ನಮತ ಬರೆದಿದ್ದ ಅದೇ ಅನಿಲ್ ದವೆ. ಹಿಂದಿನ ತೀರ್ಪಿಗೆ ಮುನ್ನ ನ್ಯಾಯಮೂರ್ತಿಗಳ ನಡುವೆ ಚರ್ಚೆಯೇ ನಡೆದಿರಲಿಲ್ಲ ಎಂಬುದು ಈಗ ಕೊಟ್ಟ ಕಾರಣಗಳಲ್ಲಿ ಒಂದು. ರದ್ದಾಗಿದ್ದ ಪರೀಕ್ಷೆಯ ರದ್ದತಿಯೇ ರದ್ದಾಯಿತು! ಏಪ್ರಿಲ್ 12ರಂದು ರಸಾಯನಶಾಸ್ತ್ರ ಕೊನೆಗೂ ಮುಗಿಯಿತು. ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಇನ್ನೊಂದು ಆದೇಶ ನೀಡಿತು. ಈ ವರ್ಷದಿಂದಲೇ ನೀಟ್, ಎರಡು ಹಂತದಲ್ಲಿ, ಮೊದಲನೆಯದು ಮೇ 1ರಂದು. ಗುರುವಾರ ಆದೇಶ, ಭಾನುವಾರ ಪರೀಕ್ಷೆ. ಎಐಪಿಎಂಟಿಗೆ ಅರ್ಜಿ ಹಾಕಿದ್ದವರು ಮೇ 1ರಂದು ನೀಟ್ ಎಂಬ ಹೊಸ ಹೆಸರಿನಲ್ಲಿ ಅದನ್ನು ಬರೆದರು. ಸಿಇಟಿ ಒಂದನ್ನೇ ನಂಬಿಕೊಂಡಿದ್ದ ರಾಜ್ಯದ ಮಕ್ಕಳು ಜುಲೈ 24ರ ಎರಡನೇ ಹಂತಕ್ಕೆ ಕಾಯಬೇಕಾಯಿತು.

ಮೇ 4 ಮತ್ತು 5ರಂದು ಸಿಇಟಿ ನಡೆಯಿತು. ವೈದ್ಯಕೀಯಕ್ಕೆ ಇದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ತಿಳಿಯದೆಯೇ ಮಕ್ಕಳು ಬರೆದರು. ಮೇ 9ರಂದು ರಾಜ್ಯಗಳ ಪರೀಕ್ಷೆಗೆ ಅವಕಾಶವಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಅಲ್ಲಿಗೆ ಬರೆದ ಸಿಇಟಿ ನೀರಿನಲ್ಲಿ ಹೋಯಿತು ಎಂದು ಮನೆಮನೆಯಲ್ಲಿ ಮಾತಾಯಿತು. ಮೇ 24ರಂದು ರಾಷ್ಟ್ರಪತಿಗಳು ಸುಗ್ರೀವಾಜ್ಞೆಗೆ ಸಹಿ ಹಾಕಿದರು. ಆ ಒಂದು ವರ್ಷದ ಮಟ್ಟಿಗೆ ಸರಕಾರಿ ಸೀಟುಗಳನ್ನು ರಾಜ್ಯದ ಪರೀಕ್ಷೆಯಿಂದಲೇ ತುಂಬಬಹುದು. ಮುಳುಗಿದ್ದ ಸಿಇಟಿ ತೇಲಿತು. ಮಾರ್ಚ್ 21ರಿಂದ ಮೇ 24ರವರೆಗೆ ಒಂಬತ್ತು ವಾರ. ಹದಿನೆಂಟು ವರ್ಷದ ಮಗುವೊಂದು ತಾನು ಯಾವ ಪರೀಕ್ಷೆಗೆ ಓದುತ್ತಿದ್ದೇನೆ ಎಂಬುದನ್ನೇ ಈ ಒಂಬತ್ತು ವಾರಗಳಲ್ಲಿ ಐದಾರು ಸಲ ಬದಲಿಸಬೇಕಾಯಿತು.

ಹೊರಗಿನವರಿಗೆ ಎಲ್ಲ ಪರೀಕ್ಷೆಯೂ ಒಂದೇ ಎನಿಸಬಹುದು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಗೊತ್ತಿಲ್ಲದಿದ್ದರೂ ಒಂದು ಗುರುತು ಹಾಕಿ ಬನ್ನಿ ಎಂದು ಮೇಷ್ಟ್ರುಗಳು ಎರಡು ವರ್ಷ ಹೇಳಿಕೊಟ್ಟಿರುತ್ತಾರೆ. ನೀಟ್‌ನಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ ಸೇರುತ್ತದೆ, ತಪ್ಪಿಗೆ ಒಂದು ಹೋಗುತ್ತದೆ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೂ 60 ಪ್ರಶ್ನೆ, 80 ನಿಮಿಷ, ನಡುವೆ ಉಸಿರಾಡಲು ಬಿಡುವು. ಆ ವರ್ಷದ ನೀಟ್‌ನಲ್ಲಿ ಒಂದೇ ಕೂತಿಗೆಯಲ್ಲಿ ಮೂರು ಗಂಟೆ, 180 ಪ್ರಶ್ನೆ. ದುಡ್ಡಿದ್ದವರು ಏಪ್ರಿಲ್ 28ರ ಮರುದಿನವೇ ಮಕ್ಕಳನ್ನು ಜುಲೈ ಹಂತದ ಕೋಚಿಂಗಿಗೆ ಸೇರಿಸಿದರು. ಉಳಿದವರು ಪತ್ರಿಕೆಯಲ್ಲಿ ನಾಳೆ ಏನು ಬರುತ್ತದೆ ಎಂದು ನೋಡುತ್ತ ಕೂತರು. ನೀಟ್ ನೆಲೆಯೂರಿದ ಮೇಲೆ ಬೀದರಿನ ಶಾಹೀನ್‌ನಂಥ ಸಂಸ್ಥೆಗಳು, 1989ರಲ್ಲಿ ಸಣ್ಣದಾಗಿ ಆರಂಭವಾಗಿದ್ದು, ಹಾಫಿಝ್ ಮಕ್ಕಳನ್ನೂ ಈ ಪರೀಕ್ಷೆಗೆ ಸಿದ್ಧಪಡಿಸಿ ಹೆಸರಾದವು. ಸಂತೋಷದ ವಿಷಯ. ಆದರೆ ಪರೀಕ್ಷೆ ಇಂಥದ್ದೇ ಎಂದು ಖಚಿತವಾಗಿದ್ದರೆ ಮಾತ್ರ ಇಂಥ ತಯಾರಿ ಸಾಧ್ಯ.

ಪರೀಕ್ಷೆ ಒಂದು ಸಲ ಮುಂದಕ್ಕೆ ಹೋಯಿತೆಂದರೆ ಬಡ ಮನೆಯಲ್ಲಿ ಏನಾಗುತ್ತದೆ ಎಂಬುದು ಯಾವ ನ್ಯಾಯಾಲಯದ ಕಡತದಲ್ಲೂ ಸಿಗದು. ತಾಲೂಕು ಕೇಂದ್ರದ ಹಾಸ್ಟೆಲ್ಲಿನಲ್ಲಿ ಇನ್ನೊಂದು ತಿಂಗಳು ಇರಬೇಕು, ಊಟದ ದುಡ್ಡು ಬೇಕು. ರಜೆಯಲ್ಲಿ ಗ್ಯಾರೇಜಿಗೋ ಬಟ್ಟೆ ಅಂಗಡಿಗೋ ಹೋಗಿ ನಾಲ್ಕು ಕಾಸು ತರಬೇಕಿದ್ದ ಹುಡುಗ ಪುಸ್ತಕ ಹಿಡಿದು ಕೂತಿರುತ್ತಾನೆ, ಮನೆಯವರ ಮುಖ ನೋಡಲಾಗುವುದಿಲ್ಲ. ಹುಡುಗಿಯಾದರೆ ಇನ್ನೂ ಸೂಕ್ಷ್ಮ. ಓದಿಸುವುದಕ್ಕೆ ಮನೆಯ ಹಿರಿಯರನ್ನು ಒಪ್ಪಿಸಿಟ್ಟವಳು ತಾಯಿ. 'ಪರೀಕ್ಷೆ ಒಂದು ಮುಗಿಯಲಿ, ಆಮೇಲೆ ನೋಡೋಣ' ಎಂದು ಬಂದ ಸಂಬಂಧಗಳನ್ನು ತಡೆದು ನಿಲ್ಲಿಸಿರುತ್ತಾಳೆ. ಪರೀಕ್ಷೆ ರದ್ದಾದರೆ ಆ ಮಾತಿನ ಅವಧಿಯೂ ಮುಗಿಯುತ್ತದೆ. 'ಮತ್ತೆ ಯಾವಾಗಂತೆ?' ಎಂದು ದಾದಿ ಕೇಳಿದರೆ ಹೇಳಲು ಯಾರ ಬಳಿಯೂ ದಿನಾಂಕವಿರುವುದಿಲ್ಲ. ಇದು ನಮ್ಮವರ ಮನೆಯ ಮಾತು ಮಾತ್ರವಲ್ಲ; ಗೌಡರ, ಲಿಂಗಾಯತರ, ದಲಿತರ ಕೇರಿಗಳಲ್ಲೂ ತಾಯಂದಿರು ಇದೇ ಲೆಕ್ಕ ಹಾಕಿ ಹೆಣ್ಣುಮಕ್ಕಳನ್ನು ಓದಿಸಿದ್ದಾರೆ.

ರದ್ದಿನ ಸುದ್ದಿ ರಾತ್ರಿಯೇ ಬರುವುದೂ ಒಂದು ರೂಢಿಯಾಗಿಬಿಟ್ಟಿದೆ. 2024ರ ಜೂನ್ 18ರಂದು ಯುಜಿಸಿ ನೆಟ್ ನಡೆಯಿತು, ಮರುದಿನ ರಾತ್ರಿ ರದ್ದಾಯಿತು. ಜೂನ್ 23ರ ವೈದ್ಯಕೀಯ ಸ್ನಾತಕೋತ್ತರ ನೀಟ್ 22ರ ರಾತ್ರಿ ಮುಂದೂಡಲ್ಪಟ್ಟಿತು. ಪರೀಕ್ಷೆಯೂರಿಗೆ ರೈಲು ಹತ್ತಿ ಹೋಗಿದ್ದವರಿಗೆ ಲಾಡ್ಜಿನ ಕೋಣೆಯಲ್ಲಿ ಸುದ್ದಿ ಸಿಕ್ಕಿತು. ಅದು ನಡೆದದ್ದು ಆಗಸ್ಟ್ 11ರಂದು.

ಭಾಷೆಯ ಮಾತನ್ನೂ ಇಲ್ಲಿ ಹೇಳಿಬಿಡಬೇಕು. 2016ರ ನೀಟ್ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇತ್ತು. 2017ರಲ್ಲಿ ಹತ್ತು ಭಾಷೆಗಳಾದವು, ಕನ್ನಡ ಸೇರಿತು, ಉರ್ದು ಸೇರಲಿಲ್ಲ. ವಿದ್ಯಾರ್ಥಿ ಸಂಘಟನೆ ಎಸ್‌ಐಒ ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2018ರಿಂದ ಉರ್ದುವಿನಲ್ಲೂ ಪ್ರಶ್ನೆಪತ್ರಿಕೆ ಬಂತು. ನಮ್ಮ ರಾಜ್ಯದಲ್ಲಿ ಹೈಸ್ಕೂಲಿನವರೆಗೆ ಉರ್ದುವಿನಲ್ಲಿ ಓದಿ, ಪಿಯುಸಿಗೆ ಬಂದು ಇಂಗ್ಲಿಷಿನ ವಿಜ್ಞಾನ ಪುಸ್ತಕದ ಮುಂದೆ ಬಾಯಿ ಒಣಗಿ ಕೂರುವ ಮಕ್ಕಳಿಗೆ ಇದರಿಂದ ಎಷ್ಟು ಉಪಯೋಗವಾಯಿತು ಎಂಬುದು ಬೇರೆ ಪ್ರಶ್ನೆ. ಪ್ರಶ್ನೆ ಉರ್ದುವಿನಲ್ಲಿ, ಪಾಠ ಇಂಗ್ಲಿಷಿನಲ್ಲಿ ಇದ್ದರೆ ಸಂಭ್ರಮಿಸುವುದು ಹೇಗೆ?

ಕೊರೋನಾ ಬಂದಾಗ ಒಂದು ಹೊಸ ಪ್ರಯೋಗವೇ ನಡೆಯಿತು. 2020ರಲ್ಲಿ ಪಿಯುಸಿಯ ಇಂಗ್ಲಿಷ್ ಪರೀಕ್ಷೆ ಒಂದು ಮಾರ್ಚ್ 23ರಿಂದ ಜೂನ್ 18ಕ್ಕೆ ಹೋಯಿತು, ಏಪ್ರಿಲ್‌ನ ಸಿಇಟಿ ಜುಲೈ ಕೊನೆಗೆ ಹೋಯಿತು. ಮುಂದೂಡಿದರೂ ನಡೆದವು. 2021ರ ಜೂನ್ 4ರಂದು ದ್ವಿತೀಯ ಪಿಯುಸಿ ಪರೀಕ್ಷೆಯನ್ನು ಸರಕಾರ ಪೂರ್ತಿ ರದ್ದು ಮಾಡಿತು. ಎಸ್‌ಎಸ್‌ಎಲ್‌ಸಿ ಅಂಕಕ್ಕೆ ಶೇ. 45, ಪ್ರಥಮ ಪಿಯುಸಿಗೆ ಶೇ. 45, ಕಾಲೇಜಿನ ಆಂತರಿಕ ಮೌಲ್ಯಮಾಪನಕ್ಕೆ ಶೇ. 10 ಎಂಬ ಸೂತ್ರದಲ್ಲಿ ಎಲ್ಲರೂ ಪಾಸು. ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ 600ಕ್ಕೆ 600. ಆ ವರ್ಷ ರೋಗದ ಮುಂದೆ ಬೇರೆ ಏನು ಮಾಡಲು ಸಾಧ್ಯವಿತ್ತು ಎಂದು ಕೇಳಿದರೆ ನಮ್ಮಲ್ಲೂ ಉತ್ತರವಿಲ್ಲ. ಆದರೆ ಆ ಸೂತ್ರವನ್ನು ಸ್ವಲ್ಪ ನಿಧಾನವಾಗಿ ಓದಿ ನೋಡಿ. ಎರಡು ವರ್ಷದ ಹಿಂದೆ ನೀನು ಯಾವ ಶಾಲೆಯಲ್ಲಿದ್ದೆ ಎಂಬುದಕ್ಕೆ ಅದು ಅರ್ಧದಷ್ಟು ಬೆಲೆ ಕಟ್ಟಿತು. ಸರಕಾರಿ ಉರ್ದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರೇ ಇಲ್ಲದೆ ಓದಿ, ಪಿಯುಸಿಗೆ ಬಂದು ಹಗಲು ರಾತ್ರಿ ಬೆವರು ಹರಿಸಿ ಮೇಲೆದ್ದ ಹುಡುಗಿ ಅದನ್ನು ತೋರಿಸಬೇಕಿದ್ದ ಜಾಗವೇ ಮಾಯವಾಯಿತು. ಮನೆ ಎಲ್ಲಿ ಎಂಬ ಆ ಹಳೆಯ ಪ್ರಶ್ನೆ ಶೇಕಡಾವಾರಿನ ವೇಷದಲ್ಲಿ ಮರಳಿತು ಎಂದರೆ ತಪ್ಪಾಗದು.

ಇಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಎಂಬುದು ನಮ್ಮ ರಾಜ್ಯದ ರೂಢಿ. 2021ರಲ್ಲಿ ಪಿಯುಸಿ ಪರೀಕ್ಷೆಯೇ ನಡೆಯದ ಕಾರಣ ಸಿಇಟಿ ಅಂಕ ಒಂದನ್ನೇ ಹಿಡಿದರು. ಒಳ್ಳೆಯ ಸೀಟು ಸಿಗದವರು ಒಂದು ವರ್ಷ ಮನೆಯಲ್ಲಿ ಕೂತು ಓದಿ 2022ರ ಜೂನ್‌ನಲ್ಲಿ ಮತ್ತೆ ಸಿಇಟಿ ಬರೆದರು. ಅಂಥವರು ಸುಮಾರು 24 ಸಾವಿರ ಮಂದಿ. ಜುಲೈ 30ರಂದು ಫಲಿತಾಂಶ ಬಂದಾಗ ಹೊಸಬರಿಗೆ ಪಿಯುಸಿ ಅಂಕ ಸೇರಿಸಿದ್ದರು, ಇವರಿಗೆ ಸೇರಿಸಿರಲಿಲ್ಲ. ಪರೀಕ್ಷೆ ಬರೆಯದೆ ಸಿಕ್ಕ ಅಂಕ ಅಂಕವೇ ಅಲ್ಲ ಎಂಬ ವಾದ. ಇವರ ರ್‍ಯಾಂಕು ಸಾವಿರಗಟ್ಟಲೆ ಕೆಳಗೆ ಹೋಯಿತು. ಪರೀಕ್ಷೆ ರದ್ದು ಮಾಡಿದ್ದು ಸರಕಾರ, ಅಂಕ ಕೊಟ್ಟದ್ದೂ ಸರಕಾರ, ಅದು ಲೆಕ್ಕಕ್ಕಿಲ್ಲ ಎಂದದ್ದೂ ಸರಕಾರದ್ದೇ ಪ್ರಾಧಿಕಾರ. ಹೊಸಬರ ಪಾಲಕರ ಅಳಲೂ ಸುಳ್ಳಾಗಿರಲಿಲ್ಲ. ತಮ್ಮ ಮಕ್ಕಳು ಮೂರು ಗಂಟೆ ಕೂತು ಬರೆದು ಪಡೆದ 90ನ್ನು, ಸೂತ್ರದಿಂದ ಬಂದ 98ರ ಪಕ್ಕದಲ್ಲಿಟ್ಟರೆ ಅದು ಯಾವ ನ್ಯಾಯ ಎಂದು ಅವರು ಕೇಳಿದರು. ಹೀಗೆ ರದ್ದಾದ ಒಂದು ಪರೀಕ್ಷೆ ಎರಡು ವರ್ಷದ ಮಕ್ಕಳನ್ನು ಒಬ್ಬರಿಗೊಬ್ಬರು ಎದುರಾಳಿಗಳನ್ನಾಗಿ ನ್ಯಾಯಾಲಯದಲ್ಲಿ ನಿಲ್ಲಿಸಿತು.

ಸೆಪ್ಟೆಂಬರ್ 3ರಂದು ಹೈಕೋರ್ಟಿನ ಏಕಸದಸ್ಯ ಪೀಠ ಹಳೆಯ ವಿದ್ಯಾರ್ಥಿಗಳ ಪಿಯುಸಿ ಅಂಕವನ್ನೂ ಸೇರಿಸಬೇಕು ಎಂದಿತು. ಸರಕಾರ ಮೇಲ್ಮನವಿ ಹೋಯಿತು. ಆ ತಿಂಗಳ ಕೊನೆಯ ಭಾಗದಲ್ಲಿ ವಿಭಾಗೀಯ ಪೀಠ, ಆ ಅಂಕಗಳಲ್ಲಿ ಒಂದಿಷ್ಟನ್ನು ಕಳೆದು ಉಳಿದದ್ದನ್ನು ಸೇರಿಸುವ ಸಂಧಾನ ಸೂತ್ರವನ್ನು ಒಪ್ಪಿತು. ಅಕ್ಟೋಬರ್ ಆರಂಭದಲ್ಲಿ ಪರಿಷ್ಕೃತ ರ್‍ಯಾಂಕ್ ಪಟ್ಟಿ ಹೊರಬಿತ್ತು. ಅಷ್ಟರಲ್ಲಿ ಕಾಯಲು ಮನಸ್ಸಿಲ್ಲದ, ಕೊಡಲು ದುಡ್ಡಿದ್ದ ಮನೆಗಳ ಮಕ್ಕಳು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಸೀಟು ಹಿಡಿದು ಪಾಠ ಕೇಳುತ್ತಿದ್ದರು. ಉಳಿದವರು ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿ, 2ಬಿ ಪ್ರಮಾಣಪತ್ರಗಳ ಜೆರಾಕ್ಸುಗಳನ್ನು ಹಿಡಿದು, ಸೈಬರ್ ಸೆಂಟರಿನಲ್ಲಿ ಕೂತು, ಹೊಸ ರ್‍ಯಾಂಕಿಗೆ ಯಾವ ಕಾಲೇಜು ಬರೆಯಬಹುದೆಂದು ಮತ್ತೆ ಮೊದಲಿನಿಂದ ನೋಡತೊಡಗಿದರು.